ಮುಖಕ್ಕೂ ಮಾತಿಗೂ ಅರ್ಥ ತಪ್ಪುವ ಕಾಯಿಲೆ

ಮೆದುಳಿನ ಸವೆತದಿಂದ ಬರುವ ಕಾಯಿಲೆಗಳನ್ನೆಲ್ಲ ‘ಮರೆವಿನ ಕಾಯಿಲೆ’ ಎಂದು ಒಟ್ಟಾಗಿ ಕರೆಯುವ ರೂಢಿ ಇರುವುದರಿಂದ, ಮರೆವು ಮುಖ್ಯ ಲಕ್ಷಣವೇ ಅಲ್ಲದ ಡಿಮೆನ್ಶಿಯಾಗಳೂ ಇವೆ ಎಂಬುದು ಅನೇಕರಿಗೆ ಹೊಸ ಸಂಗತಿಯಾಗಿ ಕಾಣುತ್ತದೆ. ಅಂಥವುಗಳಲ್ಲಿ ಪ್ರಮುಖವಾದುದು ಫ್ರಾಂಟೊಟೆಂಪೊರಲ್ ಡಿಮೆನ್ಶಿಯಾ. ಹಣೆಯ ಹಿಂದಿರುವ ಫ್ರಾಂಟಲ್ ಹಾಲೆ ಹಾಗೂ ಕಿವಿಗಳ ನೇರಕ್ಕೆ ಒಳಗಿರುವ ಟೆಂಪೊರಲ್ ಹಾಲೆ, ಈ ಎರಡು ಭಾಗಗಳ ನರಕೋಶಗಳು ಕ್ರಮೇಣ ಸತ್ತು ಆ ಭಾಗ ಕುಗ್ಗುತ್ತ ಹೋಗುವುದರಿಂದ ಕಾಯಿಲೆಗೆ ಈ ಹೆಸರು ಬಂದಿದೆ. ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಅರವತ್ತೈದು ದಾಟಿದವರನ್ನು ಹಿಡಿದು, ಮೊದಲು ನಿನ್ನೆ ಮೊನ್ನೆಯ ನೆನಪುಗಳನ್ನು ಅಳಿಸುತ್ತದೆ. ಇದಾದರೋ ಹೆಚ್ಚಾಗಿ 45ರಿಂದ 65ರ ನಡುವಿನ ವಯಸ್ಸಿನಲ್ಲಿ, ಅಂದರೆ ದುಡಿಮೆಯೂ ಸಂಸಾರದ ಹೊಣೆಯೂ ತಲೆಯ ಮೇಲಿರುವ ಕಾಲದಲ್ಲಿ, ನಡವಳಿಕೆಯನ್ನೋ ಮಾತನ್ನೋ ಕೆಡಿಸುವ ಮೂಲಕ ಕಾಣಿಸಿಕೊಳ್ಳುತ್ತದೆ. ನಿನ್ನೆ ಯಾರು ಬಂದಿದ್ದರು, ಪರ್ಸ್ ಎಲ್ಲಿಟ್ಟದ್ದು, ಬಸ್ ನಿಲ್ದಾಣಕ್ಕೆ ಯಾವ ದಾರಿ ಎಂಬುದು ಬಹಳ ಕಾಲದವರೆಗೆ ರೋಗಿಗೆ ಸರಿಯಾಗಿಯೇ ಗೊತ್ತಿರುವುದರಿಂದ ಮನೆಯವರಿಗೆ ಇದು ಡಿಮೆನ್ಶಿಯಾ ಇರಬಹುದೆಂಬ ಸಂಶಯವೇ ಬರುವುದಿಲ್ಲ.

ಈ ಕಾಯಿಲೆಯ ಇತಿಹಾಸ ಆರಂಭವಾಗುವುದೇ ಮಾತಿನ ತೊಂದರೆಯಿಂದ. ಪ್ರಾಗ್ ನಗರದ ವೈದ್ಯ ಆರ್ನಾಲ್ಡ್ ಪಿಕ್ 1892ರಲ್ಲಿ ವರ್ಣಿಸಿದ ಮೊದಲ ರೋಗಿ 71 ವರ್ಷದ ಒಬ್ಬ ವೃದ್ಧ. ಅವನ ಮಾತು ವರ್ಷಗಳ ಅವಧಿಯಲ್ಲಿ ಕೆಟ್ಟುಹೋಗಿತ್ತು, ಮರಣಾನಂತರ ಪರೀಕ್ಷಿಸಿದಾಗ ಎಡಬದಿಯ ಟೆಂಪೊರಲ್ ಹಾಲೆ ವಿಶೇಷವಾಗಿ ಕುಗ್ಗಿರುವುದು ಕಂಡುಬಂದಿತು. ಮುದಿತನದಲ್ಲಿ ಮೆದುಳು ಎಲ್ಲೆಡೆಯೂ ಸಮನಾಗಿ ಸವೆಯುತ್ತದೆ ಎಂದು ನಂಬಿದ್ದ ಕಾಲದಲ್ಲಿ, ಸವೆತ ಒಂದು ಮೂಲೆಯಲ್ಲಿ ಮಾತ್ರ ಕೇಂದ್ರೀಕೃತವಾಗಿ ಆ ಮೂಲೆಯ ಕೆಲಸವನ್ನಷ್ಟೇ ಕಸಿದುಕೊಳ್ಳಬಲ್ಲದು ಎಂದು ತೋರಿಸಿದ್ದು ಪಿಕ್‌ನ ಹೆಚ್ಚುಗಾರಿಕೆ. ಸತ್ತ ನರಕೋಶಗಳೊಳಗೆ ದುಂಡನೆಯ ಮುದ್ದೆಗಳಿರುವುದನ್ನು 1911ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದವನು ಸ್ವತಃ ಅಲೋಯಿಸ್ ಆಲ್ಝೈಮರ್ ಎಂಬುದು ಇಲ್ಲಿನ ಒಂದು ಸ್ವಾರಸ್ಯ. ಆ ಮೇಲೆ ಬಹುಕಾಲ ‘ಪಿಕ್ಸ್ ಕಾಯಿಲೆ’ ಎಂಬ ಹೆಸರಿನಲ್ಲಿ ಇದು ಪಠ್ಯಪುಸ್ತಕಗಳ ಅಪರೂಪದ ಅಧ್ಯಾಯವಾಗಿ ಉಳಿಯಿತು. ಅಮೆರಿಕದ ಚಿತ್ರನಟ ಬ್ರೂಸ್ ವಿಲಿಸ್ ಅವರಿಗೆ ಈ ಕಾಯಿಲೆ ಇದೆಯೆಂದು ಅವರ ಕುಟುಂಬ 2023ರ ಫೆಬ್ರವರಿಯಲ್ಲಿ ಪ್ರಕಟಿಸಿದ ನಂತರವೇ ಅದರ ಹೆಸರು ಪತ್ರಿಕೆಗಳ ಮೂಲಕ ಜನಸಾಮಾನ್ಯರನ್ನು ತಲುಪಿತು. ಅದಕ್ಕೆ ಒಂದು ವರ್ಷ ಮೊದಲು ಅದೇ ಕುಟುಂಬ ಹೇಳಿದ್ದುದು ಅವರಿಗೆ ಅಫೇಸಿಯಾ, ಎಂದರೆ ಮೆದುಳಿನ ದೋಷದಿಂದ ಬರುವ ಮಾತಿನ ತೊಂದರೆ ಇದೆಯೆಂದು ಮಾತ್ರ.

ಮಾತು ಮತ್ತು ಮುಖ ಪರಿಚಯ ಮೇಲುನೋಟಕ್ಕೆ ಪರಸ್ಪರ ಸಂಬಂಧವಿಲ್ಲದ ಎರಡು ಶಕ್ತಿಗಳು. ಒಂದು ಕಿವಿ ನಾಲಗೆಗಳದ್ದು, ಇನ್ನೊಂದು ಕಣ್ಣಿನದು. ಆದರೂ ಈ ಕಾಯಿಲೆಯಲ್ಲಿ ಎರಡೂ ಏಕೆ ಜೊತೆಯಾಗಿ, ಅಥವಾ ಒಂದರ ಹಿಂದೊಂದಾಗಿ, ಕೆಡುತ್ತವೆ ಎಂಬ ಪ್ರಶ್ನೆಗೆ ಉತ್ತರ ಟೆಂಪೊರಲ್ ಹಾಲೆಗಳ ಮುಂದಿನ ತುದಿಯಲ್ಲಿದೆ. 1975ರಲ್ಲಿ ಲಂಡನ್ನಿನ ಮನೋವಿಜ್ಞಾನಿ ಎಲಿಝಬೆತ್ ವಾರಿಂಗ್ಟನ್ ಅವರು ಮೂವರು ರೋಗಿಗಳನ್ನು ಪರೀಕ್ಷಿಸಿ, ಅವರ ಕಣ್ಣು, ಬುದ್ಧಿ ಮತ್ತು ಮಾತಿನ ಓಘ ಸಾಕಷ್ಟು ಚೆನ್ನಾಗಿದ್ದರೂ ವಸ್ತುಗಳ ಬಗೆಗಿನ ತಿಳಿವಳಿಕೆಯೇ ಕರಗಿಹೋಗಿದೆ ಎಂದು ತೋರಿಸಿದರು. ಮೈಸೂರಿಗೆ ಹೋಗಿಬಂದದ್ದು ನೆನಪಿರುವುದು ಒಂದು ಬಗೆಯ ಸ್ಮೃತಿಯಾದರೆ, ಮೈಸೂರು ಎಂಬುದೊಂದು ಊರು, ಅಲ್ಲಿ ಅರಮನೆ ಇದೆ ಎಂದು ತಿಳಿದಿರುವುದು ಇನ್ನೊಂದು ಬಗೆ. ಈ ಎರಡನೆಯದನ್ನು ವಿಜ್ಞಾನಿಗಳು ಸಿಮ್ಯಾಂಟಿಕ್ ಸ್ಮೃತಿ, ಅಂದರೆ ಅರ್ಥಸ್ಮೃತಿ ಎನ್ನುತ್ತಾರೆ. ಕೇಳಿದ ಹೆಸರು, ನೋಡಿದ ಆಕಾರ, ಮುಟ್ಟಿದ ಸ್ಪರ್ಶ, ಮೂಸಿದ ವಾಸನೆ ಇವೆಲ್ಲವೂ ಮೆದುಳಿನ ಬೇರೆ ಬೇರೆ ಕಡೆ ದಾಖಲಾದರೂ ಅವನ್ನೆಲ್ಲ ಒಂದೇ ವಸ್ತುವಿನದೆಂದು ಕೂಡಿಸುವ ಸಂಗಮಸ್ಥಾನ ಟೆಂಪೊರಲ್ ಹಾಲೆಗಳ ಮುಂತುದಿ ಎಂದು ಕ್ಯಾರಲಿನ್ ಪ್ಯಾಟರ್ಸನ್ ಮತ್ತಿತರರು 2007ರಲ್ಲಿ ಮಂಡಿಸಿದ ವಾದ ಇಂದು ವ್ಯಾಪಕವಾಗಿ ಚರ್ಚೆಯಲ್ಲಿದೆ. ಈ ಸಂಗಮ ಎಡಬದಿಯಲ್ಲಿ ಮೊದಲು ಒಡೆದರೆ ಪದಗಳ ಅರ್ಥ ಹೋಗುತ್ತದೆ, ಬಲಬದಿಯಲ್ಲಿ ಒಡೆದರೆ ಮನುಷ್ಯರ ಗುರುತು ಹೋಗುತ್ತದೆ. ಕಾಯಿಲೆ ಒಂದೇ, ಬಾಗಿಲು ಬೇರೆ.

ಎಡಬದಿಯಿಂದ ಆರಂಭವಾಗುವ ರೂಪಕ್ಕೆ ಸಿಮ್ಯಾಂಟಿಕ್ ಡಿಮೆನ್ಶಿಯಾ ಎಂಬ ಹೆಸರು 1989ರಲ್ಲಿ ಬಂದಿತು. ಈ ರೋಗಿಯೊಡನೆ ಐದು ನಿಮಿಷ ಕುಳಿತು ಮಾತನಾಡಿದವರಿಗೆ ಏನೂ ತಪ್ಪು ಕಾಣದಿರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಮಾತು ಸರಾಗವಾಗಿರುತ್ತದೆ, ವ್ಯಾಕರಣ ಕೆಡುವುದಿಲ್ಲ, ಉಚ್ಚಾರ ಸ್ಪಷ್ಟವಾಗಿರುತ್ತದೆ. ಕಿವಿಗೊಟ್ಟು ಕೇಳಿದರೆ ಮಾತ್ರ ನಾಮಪದಗಳು ಒಂದೊಂದಾಗಿ ಖಾಲಿಯಾಗಿ, ಆ ಜಾಗದಲ್ಲಿ ‘ಅದು’, ‘ಇದು’, ‘ಅಲ್ಲಿ ಇಟ್ಟಿದ್ನಲ್ಲ ಅದು’ ಎಂಬ ಮಾತುಗಳು ತುಂಬಿಕೊಂಡಿರುವುದು ಗಮನಕ್ಕೆ ಬರುತ್ತದೆ. ಪದ ನಾಲಗೆಯ ತುದಿಯಲ್ಲಿದ್ದು ಹೊರಬರದಿರುವುದು ವಯಸ್ಸಾದ ಎಲ್ಲರಿಗೂ ಆಗುವಂಥದ್ದು, ಇನ್ನೊಬ್ಬರು ಆ ಪದ ಹೇಳಿಕೊಟ್ಟ ಕೂಡಲೇ ‘ಹೌದು, ಅದೇ’ ಎನ್ನುತ್ತೇವೆ. ಈ ರೋಗಿಗಾದರೆ ಪದ ಹೇಳಿಕೊಟ್ಟರೂ ಪ್ರಯೋಜನವಿಲ್ಲ. ‘ಸೌಟು ತಗೊಂಡು ಬಾ’ ಎಂದರೆ ‘ಸೌಟು ಅಂದ್ರೆ ಏನು?’ ಎಂಬ ಮರುಪ್ರಶ್ನೆ ಬರುತ್ತದೆ, ಮತ್ತು ನಲವತ್ತು ವರ್ಷ ಅಡುಗೆ ಮಾಡಿದವರ ಬಾಯಿಂದ ಬರುವ ಈ ಪ್ರಶ್ನೆಯಷ್ಟು ಖಚಿತವಾದ ಲಕ್ಷಣ ವೈದ್ಯರಿಗೆ ಬೇರೆ ಸಿಗುವುದು ಕಷ್ಟ.

ತಿಳಿವಳಿಕೆ ಅಳಿಯುವುದಕ್ಕೂ ಒಂದು ಕ್ರಮವಿದೆ. ಅಪರೂಪದ್ದು ಮೊದಲು ಹೋಗುತ್ತದೆ, ಸಾಮಾನ್ಯವಾದದ್ದು ಕೊನೆಗೆ. ವಿಶಿಷ್ಟ ಗುಣ ಮೊದಲು ಅಳಿಯುತ್ತದೆ, ಜಾತಿಗೆಲ್ಲ ಸಮಾನವಾದ ಗುಣ ಉಳಿಯುತ್ತದೆ. ಘೇಂಡಾಮೃಗದ ಚಿತ್ರ ತೋರಿಸಿದರೆ ರೋಗಿ ಅದನ್ನು ಮೊದಮೊದಲು ಆನೆ ಎನ್ನಬಹುದು, ಕೆಲವು ಕಾಲದ ಬಳಿಕ ನಾಯಿ ಎನ್ನಬಹುದು, ಕೊನೆಗೆ ಬರೀ ಪ್ರಾಣಿ ಎಂದು ಸುಮ್ಮನಾಗಬಹುದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ ರೋಗಿಗಳಿಗೆ ಪ್ರಾಣಿಗಳ ರೇಖಾಚಿತ್ರ ತೋರಿಸಿ, ಚಿತ್ರವನ್ನು ತೆಗೆದು, ಕೆಲವೇ ಸೆಕೆಂಡುಗಳ ನಂತರ ಅದನ್ನೇ ಬರೆಯಲು ಹೇಳಲಾಯಿತು. ಒಂಟೆ ಬೆನ್ನಿನ ಗೂನು ಕಳೆದುಕೊಂಡಿತು, ಘೇಂಡಾಮೃಗ ಕೊಂಬು ಕಳೆದುಕೊಂಡಿತು, ಬಾತುಕೋಳಿಗೆ ನಾಲ್ಕು ಕಾಲು ಬಂದವು. ಚಿತ್ರ ಎದುರಿಗಿದ್ದಾಗ ನೋಡಿ ಬರೆಯುವುದರಲ್ಲಿ ಅದೇ ರೋಗಿಗಳಿಗೆ ತೊಂದರೆಯಿರಲಿಲ್ಲವಾದ್ದರಿಂದ ದೋಷ ಕೈಯದೂ ಅಲ್ಲ, ಕಣ್ಣಿನದೂ ಅಲ್ಲ. ಹೆಚ್ಚಿನ ಪ್ರಾಣಿಗಳಿಗೆ ನಾಲ್ಕು ಕಾಲು ಎಂಬ ಸಾಮಾನ್ಯ ಜ್ಞಾನ ಉಳಿದು, ಹಕ್ಕಿಗೆ ಎರಡೇ ಎಂಬ ವಿಶೇಷ ಜ್ಞಾನ ಅಳಿದುದರ ಫಲ ಆ ಬಾತುಕೋಳಿ.

ಓದಿನ ವಿಷಯದಲ್ಲಿ ಇದರ ಪರಿಣಾಮ ಭಾಷೆಯಿಂದ ಭಾಷೆಗೆ ಬೇರೆಯಾಗುತ್ತದೆ, ಮತ್ತು ಕನ್ನಡದ ಓದುಗರಿಗೆ ಈ ಭಾಗ ವಿಶೇಷವಾಗಿ ಪ್ರಸ್ತುತ. ಇಂಗ್ಲಿಷಿನಲ್ಲಿ ಬರಹಕ್ಕೂ ಉಚ್ಚಾರಕ್ಕೂ ಎಷ್ಟೋ ಕಡೆ ತಾಳೆಯಿಲ್ಲ. ‘ಮಿಂಟ್’ ಎಂಬುದರ ಕಾಗುಣಿತದಂತೆಯೇ ಬರೆಯುವ ಇನ್ನೊಂದು ಪದವನ್ನು ‘ಪೈಂಟ್’ ಎಂದು ಓದಬೇಕು, ಹಾಗೆ ಓದಲು ಆ ಪದ ಗೊತ್ತಿರಬೇಕು. ಅರ್ಥಸ್ಮೃತಿ ಕಳೆದುಕೊಂಡ ಇಂಗ್ಲಿಷ್ ರೋಗಿ ಅದನ್ನು ನಿಯಮಕ್ಕೆ ಸರಿಯಾಗಿ ‘ಪಿಂಟ್’ ಎಂದುಬಿಡುತ್ತಾನೆ, ವೈದ್ಯರಿಗೆ ಸುಳಿವು ಸಿಗುತ್ತದೆ. ಜಪಾನಿನಲ್ಲಿ ಇಮುರಾ ಎಂಬ ವೈದ್ಯ 1943ರಲ್ಲಿಯೇ ಇಂಥ ರೋಗಿಗಳನ್ನು ವರ್ಣಿಸಿದ್ದ. ಅಲ್ಲಿ ಪದಚಿಹ್ನೆಗಳಾದ ಕಾಂಜಿಯನ್ನು ಓದುವುದು ಕೆಡುತ್ತದೆ, ಧ್ವನಿಗಳನ್ನು ಬರೆಯುವ ಕಾನಾ ಲಿಪಿಯ ಓದು ಉಳಿಯುತ್ತದೆ. ಕನ್ನಡದ ಲಿಪಿ ಈ ವಿಷಯದಲ್ಲಿ ಕಾನಾದ ಹಾಗೆ, ಬರೆದಂತೆ ಓದಿದರೆ ಬಹುಮಟ್ಟಿಗೆ ಸಾಕು. ಆದುದರಿಂದ ಕನ್ನಡ ರೋಗಿ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಡವರಿಸದೆ ಗಟ್ಟಿಯಾಗಿ ಓದಿ, ಓದಿದ್ದರಲ್ಲಿ ಬಹಳಷ್ಟು ಅರ್ಥವಾಗದೆ ಕುಳಿತಿರಬಹುದು, ಮತ್ತು ಓದು ಸರಾಗವಾಗಿರುವುದನ್ನು ಕಂಡ ಮನೆಯವರು ‘ಓದ್ತಾರಲ್ಲ, ಏನಾಗಿದೆ’ ಎಂದು ಸಮಾಧಾನಪಟ್ಟುಕೊಳ್ಳಬಹುದು.

ಮುಖದ ವಿಷಯಕ್ಕೆ ಬಂದರೆ, ಒಬ್ಬರನ್ನು ಗುರುತಿಸುವುದು ಒಂದೇ ಕ್ರಿಯೆಯಂತೆ ಅನುಭವಕ್ಕೆ ಬಂದರೂ ಅದು ಹಲವು ಮೆಟ್ಟಿಲುಗಳ ಕೆಲಸ ಎಂದು ಬ್ರಿಟನ್ನಿನ ಮನೋವಿಜ್ಞಾನಿಗಳಾದ ವಿಕಿ ಬ್ರೂಸ್ ಮತ್ತು ಆಂಡ್ರ್ಯೂ ಯಂಗ್ 1986ರಲ್ಲಿ ವಿವರಿಸಿದರು. ಮೊದಲು ಕಣ್ಣು ಮೂಗು ಬಾಯಿಗಳ ವಿನ್ಯಾಸವನ್ನು ಮೆದುಳು ಗ್ರಹಿಸಬೇಕು, ಬಳಿಕ ಆ ವಿನ್ಯಾಸ ಹಿಂದೆ ಕಂಡದ್ದು ಹೌದೋ ಅಲ್ಲವೋ ಎಂದು ತಾಳೆ ನೋಡಬೇಕು, ಆಮೇಲೆ ಆ ವ್ಯಕ್ತಿ ಯಾರು, ಏನು ಕೆಲಸದವರು, ತನಗೇನಾಗಬೇಕು ಎಂಬ ತಿಳಿವಳಿಕೆ ತೆರೆದುಕೊಳ್ಳಬೇಕು, ಹೆಸರು ಬರುವುದು ಎಲ್ಲಕ್ಕಿಂತ ಕೊನೆಗೆ. ಮದುವೆಮನೆಯಲ್ಲಿ ಎದುರಾದವರ ಊರು, ಉದ್ಯೋಗ, ಮಕ್ಕಳೆಷ್ಟು ಎಂಬುದೆಲ್ಲ ಹೊಳೆದು ಹೆಸರು ಮಾತ್ರ ಹೊಳೆಯದಿರುವುದು ಯಾರಿಗೂ ಅಪರಿಚಿತ ಅನುಭವವಲ್ಲ. ಹೆಸರು ಹೊಳೆದು ಆ ವ್ಯಕ್ತಿ ಯಾರೆಂದೇ ಗೊತ್ತಿಲ್ಲದಿರುವುದು ಮಾತ್ರ ಆರೋಗ್ಯವಂತರಿಗೆ ಸಾಮಾನ್ಯವಾಗಿ ಆಗುವುದಿಲ್ಲ. ಮುಖ ಗುರುತಿಸಲಾಗದ ಸ್ಥಿತಿಗೆ ಪ್ರೊಸೊಪಗ್ನೋಸಿಯಾ ಎಂಬ ಹೆಸರನ್ನು 1947ರಲ್ಲಿ ಜರ್ಮನಿಯ ಯೋಆಖಿಮ್ ಬೋಡಾಮರ್ ಕೊಟ್ಟನು. ಪಾರ್ಶ್ವವಾಯುವೋ ಪೆಟ್ಟೋ ಮೆದುಳಿನ ಹಿಂಭಾಗಕ್ಕೆ ತಗುಲಿ ಈ ಸ್ಥಿತಿ ಬಂದಾಗ ಮೊದಲ ಮೆಟ್ಟಿಲುಗಳೇ ಮುರಿದಿರುತ್ತವೆ, ಆದರೆ ವ್ಯಕ್ತಿ ಬಾಯಿ ತೆರೆದು ಒಂದು ಮಾತಾಡಿದರೆ ಸಾಕು, ದನಿಯಿಂದ ಗುರುತು ಸಿಕ್ಕಿಬಿಡುತ್ತದೆ.

ಫ್ರಾಂಟೊಟೆಂಪೊರಲ್ ಡಿಮೆನ್ಶಿಯಾದಲ್ಲಿ ಬಲ ಟೆಂಪೊರಲ್ ತುದಿ ಕುಗ್ಗಿದಾಗ ಆಗುವುದು ಇದಕ್ಕಿಂತ ಆಳವಾದ ನಷ್ಟ. ರೋಗಿ ಎರಡು ಮುಖಗಳು ಒಂದೇ ವ್ಯಕ್ತಿಯವೋ ಬೇರೆಯವೋ ಎಂದು ಸರಿಯಾಗಿ ಹೇಳಬಲ್ಲ, ವಯಸ್ಸು ಅಂದಾಜು ಮಾಡಬಲ್ಲ, ಗಂಡೋ ಹೆಣ್ಣೋ ಎಂಬುದರಲ್ಲಿ ತಪ್ಪುವುದಿಲ್ಲ, ಆ ಮುಖ ಯಾರದ್ದೆಂದು ಮಾತ್ರ ತಿಳಿಯುವುದಿಲ್ಲ. 1995ರಲ್ಲಿ ಕೇಂಬ್ರಿಜ್‌ನ ವೈದ್ಯರು ವರದಿ ಮಾಡಿದ ಒಬ್ಬ ಮಹಿಳೆಯ ತೊಂದರೆ ಮೊದಲಿಗೆ ಮುಖಗಳಿಗಷ್ಟೇ ಸೀಮಿತವಾಗಿತ್ತು, ಹೆಸರು ಹೇಳಿದರೆ ಆ ವ್ಯಕ್ತಿಯ ವಿವರ ಕೊಡುತ್ತಿದ್ದಳು. ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಹೆಸರಿನಿಂದಲೂ ವಿವರ ಹೊರಡದಾಗಿತ್ತು. ಮುಖದ ಮೂಲಕ ಒಳಗೆ ಹೋಗುವ ದಾರಿ ಮುಚ್ಚಿದ್ದರೆ ಹೆಸರಿನ ಅಥವಾ ದನಿಯ ದಾರಿ ತೆರೆದಿರಬೇಕಿತ್ತು. ಇಲ್ಲಿ ದಾರಿಗಳ ಕೊನೆಯಲ್ಲಿದ್ದ ಮನುಷ್ಯಜ್ಞಾನವೇ ಕರಗುತ್ತ ಬಂದಿತ್ತು. ಮ್ಯಾಂಚೆಸ್ಟರ್‌ನ ಜೂಲಿ ಸ್ನೋಡನ್ ಮತ್ತು ಸಂಗಡಿಗರು 2004ರಲ್ಲಿ ಪ್ರಸಿದ್ಧರ ಮುಖ ಮತ್ತು ಹೆಸರುಗಳನ್ನು ಬೇರೆ ಬೇರೆಯಾಗಿ ತೋರಿಸಿ, ಎಡಬದಿ ಹೆಚ್ಚು ಕುಗ್ಗಿದವರು ಮುಖ ನೋಡಿ ಹೆಚ್ಚು ಹೇಳುತ್ತಾರೆಂದೂ ಬಲಬದಿ ಕುಗ್ಗಿದವರು ಹೆಸರು ಕೇಳಿ ಹೆಚ್ಚು ಹೇಳುತ್ತಾರೆಂದೂ ತೋರಿಸಿದರು. ಇದೇ ತಂಡ ಅದಕ್ಕೂ ಹಿಂದೆ ಗಮನಿಸಿದ್ದ ಇನ್ನೊಂದು ಸಂಗತಿ ಕುಟುಂಬಗಳಿಗೆ ಹೆಚ್ಚು ಉಪಯೋಗದ್ದು: ದಿನನಿತ್ಯ ರೋಗಿಯ ಬದುಕಿನಲ್ಲಿ ಸುಳಿದಾಡುವ ಜನ, ಜಾಗ, ವಸ್ತುಗಳ ಅರ್ಥ ಬಹಳ ಕಾಲ ಉಳಿಯುತ್ತದೆ, ಕಣ್ಣಿನಿಂದ ದೂರವಾದದ್ದು ಬೇಗ ಹೋಗುತ್ತದೆ. ಮನೆಯಲ್ಲೇ ಇರುವ ಸೊಸೆಯ ಗುರುತು ಉಳಿದು, ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುವ ಸ್ವಂತ ಮಗನ ಗುರುತು ತಪ್ಪುವುದು ಇದರಿಂದಲೇ, ಅದರಲ್ಲಿ ಪ್ರೀತಿಯ ಲೆಕ್ಕಾಚಾರವೇನೂ ಇಲ್ಲ.

ಮುಖದಲ್ಲಿ ಯಾರೆಂಬುದಲ್ಲದೆ ಏನನ್ನಿಸುತ್ತಿದೆ ಎಂಬುದೂ ಬರೆದಿರುತ್ತದೆ. ಫ್ರಾಂಟಲ್ ಹಾಲೆಯಿಂದ ಆರಂಭವಾಗಿ ನಡವಳಿಕೆಯನ್ನು ಮೊದಲು ಕೆಡಿಸುವ ರೂಪದಲ್ಲಿ, ಹಾಗೆಯೇ ಬಲ ಟೆಂಪೊರಲ್ ರೂಪದಲ್ಲಿ, ಎದುರಿನವರ ಕೋಪ, ಭಯ, ದುಃಖಗಳನ್ನು ಮುಖದಿಂದ ಓದುವ ಶಕ್ತಿ ಕುಗ್ಗುತ್ತದೆ. ನಗುವನ್ನು ಗುರುತಿಸುವುದು ತುಲನಾತ್ಮಕವಾಗಿ ಉಳಿಯುತ್ತದೆ. ಹೆಂಡತಿ ಅಳುತ್ತಿರುವಾಗ ಟಿವಿ ನೋಡುತ್ತ ಚಕ್ಕುಲಿ ತಿನ್ನುವ ಗಂಡನನ್ನು ಸುತ್ತಲಿನವರು ಕಲ್ಲುಹೃದಯದವನೆಂದು ದೂರುತ್ತಾರೆ, ಮನೆಯಲ್ಲಿ ಜಗಳವಾಗುತ್ತದೆ, ಎಷ್ಟೋ ಸಲ ಮೊದಲು ಹೋಗುವುದು ಮನೋವೈದ್ಯರ ಬಳಿಗೆ, ಇಲ್ಲವೆ ಹರಕೆ ಹೊರಲು. ಸಿಹಿತಿಂಡಿಯ ಮೇಲೆ ಅತಿಯಾಸೆ, ಒಂದೇ ಹೊತ್ತಿಗೆ ಒಂದೇ ಕೆಲಸವೆಂಬ ಹಟ, ಅಪರಿಚಿತರೊಡನೆ ಸಂಕೋಚವಿಲ್ಲದ ಸಲುಗೆ ಇವೆಲ್ಲ ಸೇರಿಕೊಂಡಾಗ ಚಿತ್ರ ಇನ್ನಷ್ಟು ಗೊಂದಲವಾಗಿ, ರೋಗ ತಿಳಿಯಲು ಮೂರು ನಾಲ್ಕು ವರ್ಷ ಹಿಡಿಯುವುದು ಅಪರೂಪವಲ್ಲ.

ಮಾತು ಕೆಡುವ ಇನ್ನೊಂದು ಬಗೆ ಪದಗಳ ಅರ್ಥ ಹೋಗುವ ರೂಪಕ್ಕೆ ಸಂಪೂರ್ಣ ವಿರುದ್ಧ. ಅಮೆರಿಕದ ಮಾರ್ಸೆಲ್ ಮೆಸುಲಮ್ 1982ರಲ್ಲಿ, ಬೇರೆ ಬುದ್ಧಿಶಕ್ತಿಗಳು ಚೆನ್ನಾಗಿದ್ದೂ ಮಾತು ಮಾತ್ರ ನಿಧಾನವಾಗಿ ಕ್ಷೀಣಿಸಿದ ಆರು ರೋಗಿಗಳನ್ನು ವರ್ಣಿಸಿದ ಮೇಲೆ ‘ಪ್ರೈಮರಿ ಪ್ರೊಗ್ರೆಸಿವ್ ಅಫೇಸಿಯಾ’ ಎಂಬ ಹೆಸರು ಬಳಕೆಗೆ ಬಂದಿತು, 2011ರಲ್ಲಿ ತಜ್ಞರು ಅದನ್ನು ಮೂರು ರೂಪಗಳಾಗಿ ವಿಂಗಡಿಸಿದರು. ಪದದ ಅರ್ಥ ಹೋಗುವ ರೂಪ ಮೇಲೆ ಹೇಳಿದ್ದೇ. ತಡವರಿಕೆಯ ರೂಪದಲ್ಲಿ ಎಡ ಫ್ರಾಂಟಲ್ ಹಾಲೆಯ ಕೆಳಭಾಗವೂ ಅದರ ಒಳಗಿನ ಮಡಿಕೆಯೂ ಕುಗ್ಗುತ್ತವೆ. ಏನು ಹೇಳಬೇಕೆಂಬುದು ರೋಗಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ, ಸೌಟು ಎಂದರೇನೆಂಬುದೂ ಗೊತ್ತಿರುತ್ತದೆ, ಆದರೆ ನಾಲಗೆ ತುಟಿಗಳಿಗೆ ಧ್ವನಿಯ ಅನುಕ್ರಮವನ್ನು ಜೋಡಿಸಿ ಕೊಡುವ ವ್ಯವಸ್ಥೆಯೇ ಮುರಿದಿರುವುದರಿಂದ ಒಂದೊಂದು ಪದವೂ ಹೆಣಗಾಟವಾಗುತ್ತದೆ, ಒಮ್ಮೆ ಸರಿಯಾಗಿ ಬಂದ ಅಕ್ಷರ ಮರುಕ್ಷಣವೇ ತಪ್ಪುತ್ತದೆ. ಮೂರನೆಯದರಲ್ಲಿ ಪದ ಹುಡುಕುತ್ತ ಮಾತು ನಿಂತು ನಿಂತು ಸಾಗುತ್ತದೆ, ಉದ್ದ ವಾಕ್ಯವನ್ನು ಕೇಳಿ ಹಾಗೆಯೇ ಮರುನುಡಿಯಲಾಗುವುದಿಲ್ಲ. ಅದರ ಮೂಲ ಬಹುತೇಕ ಆಲ್ಝೈಮರ್ ಆಗಿರುವುದರಿಂದ ಇಲ್ಲಿ ಅದನ್ನು ಬೆಳೆಸಬೇಕಿಲ್ಲ.

ತಡವರಿಕೆಯ ರೂಪದಲ್ಲಿ ವ್ಯಾಕರಣವೂ ಕೆಡುತ್ತದೆ. ಇಂಗ್ಲಿಷಿನಂಥ ಭಾಷೆಯಲ್ಲಿ ಸಣ್ಣ ಸಣ್ಣ ವ್ಯಾಕರಣ ಪದಗಳು ಬಿದ್ದುಹೋಗಿ ಟೆಲಿಗ್ರಾಂ ಮಾದರಿಯ ಮಾತು ಉಳಿಯುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಇರುವ ಭಾಷೆಗಳಲ್ಲಿ ಪ್ರತ್ಯಯ ಬಿದ್ದುಹೋಗುವುದಕ್ಕಿಂತ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದೇ ಹೆಚ್ಚು ಎಂದು ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರ ಮೇಲೆ ಹಲವು ಭಾಷೆಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಕನ್ನಡದಲ್ಲಿ ‘ಅವಳು ಬಂದನು’ ಎಂಬಂಥ ಲಿಂಗದ ಪಲ್ಲಟವನ್ನೋ ವಿಭಕ್ತಿಗಳ ಅದಲುಬದಲನ್ನೋ ಹುಡುಕಬೇಕಾದುದು ಆದ್ದರಿಂದಲೇ. ಕೇಳಿ ಅರ್ಥಮಾಡಿಕೊಳ್ಳುವುದರಲ್ಲೂ ಇದರ ನೆರಳಿದೆ: ‘ಹುಲಿಯನ್ನು ಸಿಂಹ ಕೊಂದಿತು, ಸತ್ತದ್ದು ಯಾವುದು?’ ಎಂಬ ಪ್ರಶ್ನೆಗೆ ಉತ್ತರ ಪೂರ್ತಿ ‘ಅನ್ನು’ ಪ್ರತ್ಯಯದ ಮೇಲೆ ನಿಂತಿರುವುದರಿಂದ, ಹುಲಿ ಸಿಂಹ ಎರಡೂ ಗೊತ್ತಿರುವ ರೋಗಿ ಇಲ್ಲಿ ಮುಗ್ಗರಿಸಬಹುದು. ಕಾಯಿಲೆ ಮುಂದುವರಿದಂತೆ ಎಲ್ಲ ರೂಪಗಳೂ ಒಂದನ್ನೊಂದು ಹೋಲತೊಡಗುತ್ತವೆ. ಕೇಳಿದ್ದನ್ನೇ ತಿರುಗಿ ನುಡಿಯುವುದು, ಒಂದೇ ಮಾತನ್ನು ದಿನವಿಡೀ ಹೇಳುವುದು, ಕೊನೆಗೆ ಪೂರ್ಣ ಮೌನ.

ನರಕೋಶ ಸಾಯುವುದಕ್ಕೆ ಕಾರಣ ಅದರೊಳಗೆ ತಪ್ಪಾಗಿ ಮಡಚಿಕೊಂಡು ಶೇಖರವಾಗುವ ಪ್ರೋಟೀನುಗಳು. ತಡವರಿಕೆಯ ರೂಪದಲ್ಲಿ ಹೆಚ್ಚಾಗಿ ಸಿಗುವುದು ಟೌ, ಅರ್ಥ ಹೋಗುವ ರೂಪದಲ್ಲಿ ಬಹುಪಾಲು, ಈ ಕಾಯಿಲೆಯಲ್ಲಿ ಇರುವುದು 2006ರಲ್ಲಿ ಪತ್ತೆಯಾದ ಟಿಡಿಪಿ-43. ಸುಮಾರು ಮೂರರಲ್ಲೊಂದು ಭಾಗ ರೋಗಿಗಳ ಕುಟುಂಬದಲ್ಲಿ ಹಿಂದೆಯೂ ಇಂಥ ಕಾಯಿಲೆ ಇದ್ದಿರುತ್ತದೆ. 2011ರಲ್ಲಿ ಕಂಡುಹಿಡಿದ ಸಿ9ಆರ್ಫ್72 ಎಂಬ ಜೀನ್‌ದೋಷ ಒಂದೇ ಮನೆತನದಲ್ಲಿ ಒಬ್ಬರಿಗೆ ಈ ಡಿಮೆನ್ಶಿಯಾವನ್ನೂ ಇನ್ನೊಬ್ಬರಿಗೆ ಸ್ನಾಯುಗಳನ್ನು ಕುಗ್ಗಿಸುವ ಎಎಲ್ಎಸ್ ಕಾಯಿಲೆಯನ್ನೂ ತರಬಲ್ಲದು. ಅರ್ಥ ಹೋಗುವ ರೂಪ ಮಾತ್ರ ವಂಶಪಾರಂಪರ್ಯವಾಗಿ ಬರುವುದು ಕಡಿಮೆ.

ಪತ್ತೆಗೆ ಎಂಆರ್‌ಐ ಬೇಕು, ಆದರೆ ಅದಕ್ಕಿಂತ ಮುಖ್ಯ ರೋಗಿಯ ಭಾಷೆಯಲ್ಲಿ, ರೋಗಿಯ ಲೋಕದಿಂದ ಆಯ್ದ ಪರೀಕ್ಷೆ. ವಿನ್‌ಸ್ಟನ್ ಚರ್ಚಿಲ್ ಫೋಟೋ ತೋರಿಸಿ ಇದು ಯಾರೆಂದು ಹಾವೇರಿಯ ರೈತನನ್ನು ಕೇಳುವುದರಿಂದ ಏನೂ ತಿಳಿಯುವುದಿಲ್ಲ, ಡಾ. ರಾಜ್‌ಕುಮಾರ್ ಚಿತ್ರ ನೋಡಿ ‘ಯಾರೋ ಒಬ್ಬ ಗಂಡಸು’ ಎಂದರೆ ತಿಳಿಯುತ್ತದೆ. ಶಾಲೆಯ ಮೆಟ್ಟಿಲು ಹತ್ತದವರಿಗೆ ಓದು ಬರಹದ ಪರೀಕ್ಷೆ ಕೊಟ್ಟು ಡಿಮೆನ್ಶಿಯಾ ಎಂದು ತಪ್ಪಾಗಿ ತೀರ್ಮಾನಿಸುವ ಅಪಾಯವೂ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಸಿದ್ಧವಾಗಿರುವ ಅರಿವಿನ ಪರೀಕ್ಷೆಗಳ ಕಟ್ಟು ಈ ಕೊರತೆಯನ್ನು ತುಂಬುವ ಗಂಭೀರ ಪ್ರಯತ್ನ.

ಆ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸಿದ, ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗತಜ್ಞೆ ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು: ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಆರಂಭವಾಗಿತ್ತು, ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಅಷ್ಟಾಗಿ ಪ್ರಚಾರಕ್ಕೆ ಬಾರದ ಭಾಗವೆಂದರೆ ಅದೇ ತಂಡ 2017ರಲ್ಲಿ ಫ್ರಾಂಟೊಟೆಂಪೊರಲ್ ಡಿಮೆನ್ಶಿಯಾವನ್ನೇ ಪ್ರತ್ಯೇಕವಾಗಿ ನೋಡಿ ಕಂಡುಕೊಂಡದ್ದು. ನಡವಳಿಕೆ ಕೆಡುವ ರೂಪಕ್ಕೆ ಬಹುಭಾಷಿಕತೆಯಿಂದ ತಡೆ ಸಿಕ್ಕಿತ್ತು, ಮಾತು ಕೆಡುವ ರೂಪಗಳಿಗೆ ಸಿಕ್ಕಿರಲಿಲ್ಲ. ಭಾಷೆಗಳ ನಡುವೆ ದಿನವಿಡೀ ಹೊರಳಾಡುವ ಅಭ್ಯಾಸ ಆಯ್ಕೆ ಮತ್ತು ನಿಯಂತ್ರಣದ ಫ್ರಾಂಟಲ್ ಜಾಲವನ್ನು ಬಲಪಡಿಸಬಹುದು. ಭಾಷೆಯ ಜಾಲಕ್ಕೇ ಪೆಟ್ಟು ಬಿದ್ದಾಗ ಆ ಬಲ ಒದಗಿಬರುವುದಿಲ್ಲ ಎಂಬ ವಿವರಣೆ ಒಪ್ಪತಕ್ಕದ್ದಾಗಿ ತೋರುತ್ತದೆ. ಎರಡು ಭಾಷೆ ಕಲಿತರೆ ಮರೆವು ಬಾರದು ಎಂಬ ವಾಟ್ಸಾಪ್ ಸಂದೇಶಗಳಿಗೆ ಈ ಎರಡನೆಯ ಅಧ್ಯಯನವನ್ನೂ ಲಗತ್ತಿಸಿದರೆ ಒಳ್ಳೆಯದು.

ಸವೆತವನ್ನು ತಡೆಯುವ ಔಷಧ ಇಲ್ಲ. ಆಲ್ಝೈಮರ್‌ಗೆ ಕೊಡುವ ಮೆಮಂಟೀನ್ ಈ ಕಾಯಿಲೆಯಲ್ಲಿ ಪ್ರಯೋಜನಕಾರಿಯಲ್ಲವೆಂದು 2013ರ ಪ್ರಯೋಗವೊಂದು ತೋರಿಸಿತು, ನಡವಳಿಕೆಯ ಉಪಟಳ ತಗ್ಗಿಸಲು ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನು ವೈದ್ಯರು ಬಳಸುತ್ತಾರೆ. ಉಳಿದದ್ದು ವಾಕ್‌ಚಿಕಿತ್ಸಕರ ಮತ್ತು ಮನೆಯವರ ಕೆಲಸ. ತಡವರಿಸುವ ರೋಗಿಗೆ ದಿನಬಳಕೆಯ ಕೆಲವು ವಾಕ್ಯಗಳನ್ನು ಪೂರ್ತಿಯಾಗಿ ಅಭ್ಯಾಸ ಮಾಡಿಸಲಾಗುತ್ತದೆ, ಮುಂದೆ ಮಾತು ನಿಲ್ಲುವುದೆಂದು ತಿಳಿದೇ ಚಿತ್ರಗಳ ಪುಸ್ತಕಕ್ಕೂ ಮೊಬೈಲಿಗೂ ರೂಢಿ ಮಾಡಿಸಲಾಗುತ್ತದೆ. ಅರ್ಥ ಕಳೆದುಕೊಂಡವರಿಗೆ ಪದಗಳನ್ನೂ ಮುಖಗಳನ್ನೂ ಮತ್ತೆ ಕಲಿಸಬಹುದು, ಆದರೆ ಕಲಿತದ್ದು ಕಲಿತ ಜಾಗದಲ್ಲೇ ಅಂಟಿಕೊಳ್ಳುತ್ತದೆ. ಪುಸ್ತಕದಲ್ಲಿನ ಕೆಂಪು ಬಕೆಟ್ಟಿನ ಚಿತ್ರ ನೋಡಿ ‘ಬಕೆಟ್’ ಎನ್ನಲು ಕಲಿತವರಿಗೆ ಬಚ್ಚಲುಮನೆಯ ನೀಲಿ ಬಕೆಟ್ಟು ಅಪರಿಚಿತವಾಗಿಯೇ ಉಳಿಯಬಹುದು. ಆದ್ದರಿಂದ ಮಾರುಕಟ್ಟೆಯ ಚಿತ್ರಪಟಗಳಿಗಿಂತ ಅದೇ ಮನೆಯ ಸೌಟು, ಅದೇ ಮನೆಯ ಬಕೆಟ್ಟು, ಮಗ ಈಗ ಬಿಟ್ಟಿರುವ ಗಡ್ಡದ ಸಮೇತ ತೆಗೆದ ಇತ್ತೀಚಿನ ಫೋಟೋ ಇವುಗಳಿಂದ ಕಲಿಸುವುದು ಫಲಕಾರಿ, ಮತ್ತು ಅಭ್ಯಾಸ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಬಹಳಷ್ಟು ಮರಳಿ ಹೋಗುವುದರಿಂದ ಅದನ್ನು ದಿನವೂ ನಡೆಸಬೇಕಾಗುತ್ತದೆ.